ನೀಲಗಿರಿ ಮರದ ಬ್ರಹ್ಮರಾಕ್ಷಸ

ನಮ್ಮ ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಮೆಲ್ಬರ್ನಿನ ಟಾರ್ನೀಟ್ ಸ್ಟೇಷನ್ನಿನ ಕಾರ್ ಪಾರ್ಕಿನಲ್ಲಿ ಜಾಗ ಹುಡುಕುತ್ತಿದ್ದೆ. ಬೆಳಿಗ್ಗೆ ಸ್ವಲ್ಪ ತಡವಾದರೂ ಅಲ್ಲಿ ಸೈಕಲ್ ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಸಿಡ್ನಿಯಿಂದ ಅವರ ಮಗಳು ಇಂಗ್ಲಿಷಿನಲ್ಲಿ ಎರಡು ಸಾಲು ಕಳಿಸಿದ್ದಳು. ಅಪ್ಪ ಹೋದರು, ಭಾನುವಾರ ಹಾಲ್‌ನಲ್ಲಿ ಎಲ್ಲರೂ ಸೇರುತ್ತಿದ್ದೇವೆ, ನೀವು ಅಪ್ಪನ ಶಿಷ್ಯರು, ಐದು ನಿಮಿಷ ಮಾತಾಡಬೇಕು ಎಂದು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಹೇಳಬೇಕಾಗಿದ್ದ ಒಂದು ಮಾತನ್ನು ಹೇಳದೆಯೇ ಹೋಗಿಬಿಟ್ಟರಲ್ಲ ಎಂಬ ಸಿಟ್ಟು. ದುಃಖ ಆಮೇಲೆ, ರೈಲು ಹತ್ತಿ ಕೂತ ಮೇಲೆ ಬಂತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿಯ ಕಣ್ಣಿಗೆ ಇದು ಬೀಳುವುದು ನನಗೆ ಬೇಕಿಲ್ಲ. ಹಾಗೆ ನೋಡಿದರೆ ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಆ ದೇಶದ ರಿಫೈನರಿಯಲ್ಲಿ ಹತ್ತಾರು ಜನ ಸರ್‌ಗಳಿದ್ದರೂ ಕನ್ನಡದವರಿಗೆ ‘ಸರ್’ ಎಂದರೆ ಇವರೊಬ್ಬರೇ.

ಆ ದೇಶ ಎಂದರೆ ಎಣ್ಣೆಯ ದೇಶ. ನಾನು ಮದುವೆಗೆ ಮುಂಚೆ ಚಿತ್ರದುರ್ಗದಿಂದ ಅಲ್ಲಿಗೆ ಹೋದಾಗ ಕುಡಿಯುವ ನೀರಿಗಿಂತ ಪೆಟ್ರೋಲು ಅಗ್ಗವಾಗಿತ್ತು. ಸಂಬಳಕ್ಕೆ ಟ್ಯಾಕ್ಸ್ ಇಲ್ಲ, ಮನೆಗೆ ಬಾಡಿಗೆ ಇಲ್ಲ, ಕರೆಂಟಿಗೆ ಬಿಲ್ ಎಂಬುದಿದೆ ಎನ್ನುವುದೇ ಮರೆತುಹೋಗಿತ್ತು. ಆಫೀಸಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ನಮ್ಮ ಪಾಸ್‌ಪೋರ್ಟುಗಳು ಕಂಪನಿಯ ಕಪಾಟಿನಲ್ಲಿ ಇರುತ್ತಿದ್ದವು. ಊರಿಗೆ ಹೋಗಬೇಕೆಂದರೆ ಮ್ಯಾನೇಜರನ ಸಹಿ ಬೇಕು. ಆದರೂ ಅದು ಶಾಶ್ವತ ಎಂದು ನಾವೆಲ್ಲ ನಂಬಿದ್ದೆವು. ನೆಲದಡಿ ಇರುವ ಎಣ್ಣೆ ನಮ್ಮ ಕಾಲಕ್ಕಂತೂ ಮುಗಿಯುವುದಿಲ್ಲ, ಅಂದಮೇಲೆ ನಮ್ಮ ಕೆಲಸವೂ ಮುಗಿಯುವುದಿಲ್ಲ ಎಂಬುದು ನಮ್ಮ ಲೆಕ್ಕ.

ಸರ್ ಮೈಸೂರಿನವರು. ತೆಳ್ಳಗೆ, ಎತ್ತರ. ಎಂಥ ಸುಡು ಬಿಸಿಲಿನಲ್ಲೂ ತುಂಬುತೋಳಿನ ಶರ್ಟು, ಕಾಲರಿನ ಒಳಗೆ ಮಡಿಸಿಟ್ಟ ಕರ್ಚೀಫು. ತಿರುಗುವ ಕುರ್ಚಿಯಲ್ಲಿ ಕೂತರೆ ತಲೆಯೂ ತಿರುಗುತ್ತದೆ ಎಂದು ಮರದ ಕುರ್ಚಿಯೊಂದನ್ನು ಎಲ್ಲಿಂದಲೋ ತರಿಸಿಕೊಂಡಿದ್ದರು. ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದು, ನನ್ನನ್ನು ಕರೆದು, ಬೈಟು ಮಾಡಿ ಕುಡಿಯುತ್ತಿದ್ದರು. ಒಬ್ಬರೇ ಕುಡಿದದ್ದನ್ನು ನಾನು ನೋಡಿಲ್ಲ. ಶುಕ್ರವಾರ ರಜೆ, ಅವತ್ತು ಮದುವೆಯಾಗದ ನಮ್ಮಂಥವರಿಗೆಲ್ಲ ಅವರ ಮನೆಯಲ್ಲಿ ಊಟ. ಅಕ್ಕ, ಅಂದರೆ ಅವರ ಹೆಂಡತಿ, ದೊಡ್ಡ ಪಾತ್ರೆಯ ತುಂಬ ಬಿಸಿಬೇಳೆಬಾತು ಮಾಡಿ, “ಇನ್ನೂ ಸ್ವಲ್ಪ ಹಾಕ್ಕೊಳಪ್ಪ, ಮುಂದಿನ ಶುಕ್ರವಾರದವರೆಗೂ ಬ್ರೆಡ್ಡೇ ಗತಿ ನಿಂಗೆ” ಎಂದು ಬಡಿಸುತ್ತಿದ್ದರು.

ಅವರ ಕೆಲಸ ಹಸಿ ಎಣ್ಣೆಯದು, ಅಂದರೆ ನೆಲದಿಂದ ಬಂದ ಕಚ್ಚಾ ತೈಲದ್ದು. ಬೇರೆ ಬೇರೆ ಬಾವಿಗಳಿಂದ ಬರುವ ಎಣ್ಣೆ ಬೇರೆ ಬೇರೆ ಥರ ಇರುತ್ತದೆ. ಕೆಲವು ತಿಳಿ, ಕೆಲವು ಮಂದ. ತೆಂಕಣ ಭಾಗದ ಹಳೆಯ ಬಾವಿಗಳ ಎಣ್ಣೆಯಂತೂ ರಾಗಿ ಅಂಬಲಿಯ ಹಾಗೆ, ಜೊತೆಗೆ ನೀರು, ಉಪ್ಪು. ಒಂದು ಟ್ಯಾಂಕು ಮುಗಿದು ಈ ಮಂದ ಎಣ್ಣೆಯ ಟ್ಯಾಂಕಿಗೆ ತಿರುಗಿಸುವಾಗ ಎಚ್ಚರ ತಪ್ಪಿದರೆ ಎಣ್ಣೆ ಶುದ್ಧ ಮಾಡುವ ಇಡೀ ಯೂನಿಟ್ಟು ಕೆಮ್ಮಿ ನಿಂತುಬಿಡುತ್ತದೆ. ಸರ್ ಇದ್ದಷ್ಟು ಕಾಲ ಅದು ಒಮ್ಮೆಯೂ ನಿಲ್ಲಲಿಲ್ಲ. ಸ್ಯಾಂಪಲ್ ಬಾಟಲಿಯನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ತುಪ್ಪದ ವಾಸನೆ ನೋಡುವ ಹಾಗೆ ಮೂಗಿನ ಹತ್ತಿರ ತಂದು, ಸುಮ್ಮನೆ ನಿಂತು, ಆಮೇಲೆ “ಈಗ ತಿರುಗಿಸಿ” ಎನ್ನುತ್ತಿದ್ದರು. ನನ್ನದು ಕೊನೆಯ ತುದಿಯ ಕೆಲಸ. ಸಿದ್ಧವಾದ ಎಣ್ಣೆ ಯಾವ ಟ್ಯಾಂಕಿನಿಂದ ಯಾವ ಹಡಗಿಗೆ, ಯಾವಾಗ ತುಂಬಬೇಕು ಎಂದು ಹೊಂದಿಸುವುದು. ಅದನ್ನು ನನಗೆ ಕಲಿಸಿದವರು ಅವರೇ. ಹಡಗು ನಿಲ್ಲುವ ಜೆಟ್ಟಿಯ ತುದಿಯವರೆಗೆ ಕರೆದುಕೊಂಡು ಹೋಗಿ, ಸಮುದ್ರದ ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ ಎಂಬುದರಿಂದ ಹಿಡಿದು, ಯಾವ ಕ್ಯಾಪ್ಟನ್ನು ಸುಳ್ಳು ಹೇಳುತ್ತಾನೆ ಎಂಬುದರವರೆಗೆ ಹೇಳಿಕೊಟ್ಟರು.

ನಮ್ಮಪ್ಪ ಚಿತ್ರದುರ್ಗದಲ್ಲಿ ತೀರಿಕೊಂಡ ದಿನ ಮ್ಯಾನೇಜರ್ ಊರಲ್ಲಿರಲಿಲ್ಲ. ಸಹಿ ಇಲ್ಲದೆ ಪಾಸ್‌ಪೋರ್ಟ್ ಸಿಗದು. ಸರ್ ಯಾರ್ಯಾರ ಮನೆಗೋ ಹೋಗಿ, ಯಾರ್ಯಾರ ಮುಂದೆಯೋ ಕೈಮುಗಿದು, ಮಧ್ಯಾಹ್ನದ ಹೊತ್ತಿಗೆ ಪಾಸ್‌ಪೋರ್ಟ್ ತಂದು ನನ್ನ ಕೈಗಿಟ್ಟು ಏರ್‌ಪೋರ್ಟಿಗೂ ಬಂದರು. ಅಪ್ಪನ ಮುಖ ನೋಡಲು ನನಗೆ ಸಿಕ್ಕಿತೆಂದರೆ ಅದು ಅವರಿಂದ. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ಅನ್ಯಾಯವಾಗುತ್ತದೆ.

ಆ ರಿಫೈನರಿಯಲ್ಲಿ ಒಂದು ಪದ್ಧತಿ ಇತ್ತು. ಹೊರದೇಶದ ಪ್ರತಿಯೊಬ್ಬನ ಪಕ್ಕದಲ್ಲೂ ಒಂದು ಕುರ್ಚಿ ಹಾಕಿ ಆ ದೇಶದವರೊಬ್ಬರನ್ನು ಕೂರಿಸುತ್ತಿದ್ದರು. ಅವರಿಗೆ ‘ಕೌಂಟರ್‌ಪಾರ್ಟ್’ ಎಂದು ಹೆಸರು. ಅವರಿಗೆ ಕೆಲಸ ಕಲಿಸುವುದೂ ನಮ್ಮ ಕೆಲಸ. ಅವರು ಪೂರ್ತಿ ಕಲಿತ ದಿನ ನಾವು ಪೆಟ್ಟಿಗೆ ಕಟ್ಟಬೇಕು. ಹಾಗಾಗಿ ಹೊರಗಿನವರೆಲ್ಲ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಎಲ್ಲವನ್ನೂ ಕಲಿಸುವುದು, ಒಂದನ್ನು ಮಾತ್ರ ಬಿಟ್ಟು. ಹೊಸಬರು ಯಾರು ಬಂದರೂ ಹಳಬರು ಹೇಳುತ್ತಿದ್ದ ಮೊದಲ ಬುದ್ಧಿಮಾತು, “ಒಂದು ನಟ್ಟು ಯಾವಾಗ್ಲೂ ಜೇಬಲ್ಲಿರ್ಲಿ.” ಮಲಯಾಳಿಗಳು ಮಲಯಾಳದಲ್ಲಿ, ಪಾಕಿಸ್ತಾನದವರು ಉರ್ದುವಿನಲ್ಲಿ, ಎಲ್ಲರೂ ಹೇಳುತ್ತಿದ್ದುದು ಇದನ್ನೇ.

ಸರ್ ಒಬ್ಬರೇ ಇದಕ್ಕೆ ವಿರುದ್ಧ. “ಥೂ, ಅದೆಲ್ಲ ಪಾಪ ಕಣಯ್ಯಾ” ಎನ್ನುತ್ತಿದ್ದರು. “ಕಲಿತ ವಿದ್ಯೆ ಹೇಳ್ಕೊಡ್ದೆ ಸತ್ತೋನು ಬ್ರಹ್ಮರಾಕ್ಷಸ ಆಗಿ ಅರಳಿಮರಕ್ಕೆ ಜೋತು ಬೀಳ್ತಾನೆ. ನಮ್ಮಜ್ಜಿ ಹೇಳ್ತಿದ್ರು. ಈ ದೇಶದಲ್ಲಿ ಅರಳಿಮರ ಬೇರೆ ಇಲ್ಲ. ಖರ್ಜೂರದ ಮರಕ್ಕೆ ನೇತಾಡ್ಬೇಕು, ಮೈಯೆಲ್ಲ ಚುಚ್ಚತ್ತೆ. ಅದಕ್ಕೇ ಎಲ್ಲಾ ಹೇಳ್ಕೊಟ್ಟು ಹಗುರಾಗ್ಬಿಡು.” ಇದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಆದರೆ ಅದರಲ್ಲಿ ನಂಬಿಕೆಯೂ ಇತ್ತೆಂದು ನನಗೆ ಗೊತ್ತಿತ್ತು. ನಾನಂತೂ ಪೂರ್ತಿ ನಂಬಿದೆ.

ಈಗ ನೆನಪಿಗೆ ಬರುವ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅವರ ಕೌಂಟರ್‌ಪಾರ್ಟ್ ಒಬ್ಬ ಒಳ್ಳೆಯ ಹುಡುಗ, ಗಂಭೀರ, ಪೆನ್ನು ಹಿಡಿದು ಅವರ ಹಿಂದೆಯೇ ಸುತ್ತುತ್ತಿದ್ದ. ಮಂದ ಎಣ್ಣೆಯ ಟ್ಯಾಂಕಿಗೆ ತಿರುಗಿಸುವ ದಿನ ಸರ್ ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಎಲ್ಲ ವಿವರಿಸುತ್ತಿದ್ದರು. ಆಮೇಲೆ, ಸರಿಯಾಗಿ ಆ ಗಳಿಗೆ ಬಂದಾಗ, “ಹೋಗಪ್ಪ, ಇನ್ನೊಂದು ಸ್ಯಾಂಪಲ್ ತಗೊಂಡ್ ಬಾ” ಎಂದು ಕಳಿಸುತ್ತಿದ್ದರು. ಅವನು ಬಿಸಿಲಲ್ಲಿ ಟ್ಯಾಂಕಿನವರೆಗೆ ಹೋಗಿ ಬಾಟಲಿ ಹಿಡಿದು ವಾಪಸ್ಸು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಸರ್ ಕಾಫಿ ಕುಡಿಯುತ್ತಿರುತ್ತಿದ್ದರು. ನಾನು ಇದನ್ನು ಒಂದಲ್ಲ ಎರಡಲ್ಲ, ಎಷ್ಟೋ ಸಲ ನೋಡಿದ್ದೇನೆ. ಸ್ಯಾಂಪಲ್ ತರುವುದು ಕೆಲಸದ ಭಾಗ ಎಂದುಕೊಂಡಿದ್ದೆ.

ಆಮೇಲೆ ಆ ದೇಶ ಬದಲಾಗತೊಡಗಿತು. ಎಣ್ಣೆಯ ಬೆಲೆ ಬಿತ್ತು. ಆಫೀಸಿನ ಗೋಡೆಯ ಮೇಲಿದ್ದ, ದೇಶ ಆಳುವ ಗಡ್ಡದ ಮುದುಕರ ಫೋಟೋಗಳ ಪಕ್ಕದಲ್ಲಿ ಒಂದು ಹೊಸ, ಎಳೆಯ ಮುಖ ಬಂತು. ಬೀದಿಯ ತುಂಬ ದೊಡ್ಡ ದೊಡ್ಡ ಬೋರ್ಡುಗಳು, ಎಣ್ಣೆ ಇಲ್ಲದ ನಾಳೆಗೆ ಸಿದ್ಧರಾಗಿ ಎಂದು. ಯಾವುದೂ ಯಾರನ್ನೂ ಕೇಳಿ ಆದದ್ದಲ್ಲ. ಬೆಳಿಗ್ಗೆ ಎದ್ದರೆ ಹೊಸ ನಿಯಮ. ಪೆಟ್ರೋಲಿಗೆ ರೇಟು ಏರಿತು, ಅಂಗಡಿಯ ಬಿಲ್ಲಿಗೆ ಟ್ಯಾಕ್ಸ್ ಬಂತು, ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಂಡ ಹೊರಗಿನವರು ತಲೆಗಿಷ್ಟು ಎಂದು ಕಟ್ಟಬೇಕಾಯಿತು. ಮುಚ್ಚಿದ್ದ ಸಿನಿಮಾ ತೆರೆಯಿತು. ಹೆಂಗಸರು ಕಾರು ಓಡಿಸಿದರು, ಆಫೀಸಿಗೂ ಬಂದರು. ನಮ್ಮ ಮಹಡಿಯಲ್ಲಿ ಹೆಂಗಸರ ಟಾಯ್ಲೆಟ್ಟೇ ಇರಲಿಲ್ಲ, ಸ್ಟೋರ್ ರೂಮು ಒಡೆದು ಕಟ್ಟಿದರು. ಎಲ್ಲದಕ್ಕೂ ಮೇಲೆ, ‘ನಮ್ಮ ಕೆಲಸ ನಮ್ಮವರಿಗೆ’ ಎಂಬ ಮಾತು. ಅದರಲ್ಲಿ ತಪ್ಪೇನೂ ಇಲ್ಲ. ಅವರ ದೇಶ, ಅವರ ಎಣ್ಣೆ, ಅವರ ಮಕ್ಕಳು. ಆ ದೇಶದ ಮೇಲೆ ನನಗೆ ಅವತ್ತೂ ಸಿಟ್ಟಿರಲಿಲ್ಲ, ಇವತ್ತೂ ಇಲ್ಲ.

ನನ್ನ ಪಕ್ಕದ ಕುರ್ಚಿಗೆ ನೂರಾ ಬಂದಳು. ಆ ದೇಶದ ಹುಡುಗಿ, ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದವಳು. ಮೊದಲ ದಿನ ಅವಳ ಅಪ್ಪ ಬಂದು ಆಫೀಸಿನ ಬಾಗಿಲವರೆಗೆ ಬಿಟ್ಟು, ಸಂಜೆಯವರೆಗೂ ಕಾರಿನಲ್ಲೇ ಕೂತಿದ್ದ. ಹಳಬರೊಬ್ಬರು ನನ್ನ ಕಿವಿಯಲ್ಲಿ ನಟ್ಟಿನ ಮಾತು ಹೇಳಿದರು. ನಾನು ಸರ್ ಹತ್ತಿರ ಹೋದೆ.

“ಎಲ್ಲಾ ಹೇಳ್ಕೊಡ್ಲಾ ಸರ್?”

“ಒಂದನ್ನೂ ಬಚ್ಚಿಡ್ಬೇಡ” ಎಂದರು. “ನಿನ್ನಂಥ ಮೇಷ್ಟ್ರನ್ನ ಯಾರಯ್ಯಾ ಬಿಡ್ತಾರೆ? ಒಬ್ಳು ಆದ್ಮೇಲೆ ಇನ್ನೊಬ್ಳನ್ನ ತಂದ್ ಕೂರಿಸ್ತಾರೆ ಅಷ್ಟೇ. ನಾನಿಲ್ವಾ?”

ಆ ‘ನಾನಿಲ್ವಾ’ ಎಂಬ ಮಾತಿನ ಮೇಲೆ ನಾನು ನನ್ನ ಸಂಸಾರವನ್ನೇ ಹೂಡಿಬಿಟ್ಟೆ. ನೂರಾಗೆ ಎಲ್ಲವನ್ನೂ ಕಲಿಸಿದೆ. ಗಾಳಿಯ ವಿಷಯ, ಸುಳ್ಳು ಹೇಳುವ ಕ್ಯಾಪ್ಟನ್ನುಗಳ ವಿಷಯ, ಎಲ್ಲ. ಅವಳು ಚುರುಕು. ವರ್ಷ ತುಂಬುವುದರೊಳಗೆ ನಾನಿಲ್ಲದಿದ್ದರೂ ಹಡಗುಗಳು ಹೊರಡುತ್ತಿದ್ದವು. ನಾನು ಅದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಮ್ಯಾನೇಜರ್ ನನ್ನನ್ನು ಕರೆದು ಕೈಕುಲುಕಿ, ನಮ್ಮ ಇಲಾಖೆಯಲ್ಲಿ ಮೊದಲು ಸ್ಥಳೀಯರಿಗೆ ಹೋಗುವ ಹುದ್ದೆ ನಿನ್ನದು, ಇದು ನಿನ್ನ ಸಾಧನೆ ಎಂದ. ನಾವು ಪೆಟ್ಟಿಗೆ ಕಟ್ಟಿದೆವು. ಮಗಳು ಹತ್ತನೇ ಕ್ಲಾಸು, ವರ್ಷದ ಮಧ್ಯ. ಹೆಂಡತಿ ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಟೀಚರು, ಮಕ್ಕಳೆಲ್ಲ ಸೇರಿ ಅವಳಿಗೆ ಬೀಳ್ಕೊಡುಗೆ ಹಾಡು ಹೇಳಿದರಂತೆ. ಸರ್ ಏರ್‌ಪೋರ್ಟಿಗೆ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಅವರು ಅತ್ತದ್ದನ್ನು ನೋಡಿ ನಾನೇ ಸಮಾಧಾನ ಮಾಡಿದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಮ್ಮಮ್ಮ ಹೇಳುತ್ತಿದ್ದರು. ಅವತ್ತು ಏರ್‌ಪೋರ್ಟಿನಲ್ಲಿ ಕೋಡಂಗಿ ಯಾರೆಂದು ನನಗಿನ್ನೂ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿ ಭಾವಮೈದುನನ ಮನೆಯ ಒಂದು ರೂಮಿನಲ್ಲಿ ಸಂಸಾರ. ತಲೆ ನರೆತ ಮೇಲೆ ಇಂಟರ್‌ವ್ಯೂಗೆ ಹೋಗಿ, ಮೀಸೆ ಮೂಡದ ಹುಡುಗರ ಮುಂದೆ ಕೂತು, ‘ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ’ ಎಂಬ ಪ್ರಶ್ನೆಗೆ ಉತ್ತರ ಹೇಳುವುದು. ಮಗಳು ಶಾಲೆ ಬದಲಾದ ಸಿಟ್ಟಿನಲ್ಲಿ ನನ್ನ ಹತ್ತಿರ ಒಂದು ವರ್ಷ ಸರಿಯಾಗಿ ಮಾತೇ ಆಡಲಿಲ್ಲ. ಕೊನೆಗೆ ಹೆಂಡತಿಯ ಟೀಚಿಂಗಿನ ಮೇಲೆ ಆಸ್ಟ್ರೇಲಿಯಾಕ್ಕೆ ಪಿಆರ್, ಅಂದರೆ ಅಲ್ಲೇ ನೆಲೆಸುವ ಪರವಾನಗಿ, ಬಂತು. ಮೆಲ್ಬರ್ನಿಗೆ ಬಂದು ಟಾರ್ನೀಟಿನಲ್ಲಿ ಮನೆ ಕಟ್ಟಿಸಿಕೊಂಡೆವು, ಮಾರ್ಟ್‌ಗೇಜ್ ಕಟ್ಟುತ್ತಿದ್ದೇವೆ. ನಾನೀಗ ಒಂದು ಗೋಡೌನಿನಲ್ಲಿ ಹಡಗುಗಳ ಬದಲು ಲಾರಿಗಳನ್ನು ಹೊಂದಿಸುತ್ತೇನೆ. ಎಲ್ಲ ಕೇಳಿದವರು, “ಹೆಂಗೂ ಒಳ್ಳೇದೇ ಆಯ್ತಲ್ಲ ಬಿಡಿ” ಎನ್ನುತ್ತಾರೆ. ಒಳ್ಳೆಯದಾದದ್ದು ನಿಜ. ಆದರೆ ತಾನಾಗಿ ಆದ ಒಳ್ಳೆಯದನ್ನು ಯಾರೋ ಮಾಡಿದ ಒಳ್ಳೆಯದು ಎಂದು ಒಪ್ಪಲು ನಾನು ತಯಾರಿಲ್ಲ.

ಸರ್ ಅಲ್ಲಿ ಇನ್ನೂ ಎಷ್ಟೋ ವರ್ಷ ಇದ್ದರು. ಅವರಷ್ಟು ದೀರ್ಘ ಕಾಲ ಉಳಿದ ಹೊರಗಿನವನು ಆ ರಿಫೈನರಿಯಲ್ಲಿ ಬೇರೆ ಇಲ್ಲ. ಆಮೇಲೆ ಮಗಳ ಹತ್ತಿರ ಸಿಡ್ನಿಗೆ ಬಂದರು. ಅವಳಿಗೆ ಅಲ್ಲಿನ ನಾರ್ವೆಸ್ಟ್ ಎಂಬ ಆಫೀಸುಗಳ ಬಡಾವಣೆಯಲ್ಲಿ ಕೆಲಸ, ಮನೆಯೂ ಆ ಕಡೆಯೇ. ಬಂದ ವಾರದಲ್ಲೇ ನನಗೆ ಫೋನು: “ಏನಯ್ಯಾ, ಒಂದೇ ದೇಶಕ್ಕೆ ಬಂದ್ವಲ್ಲ ಮತ್ತೆ.” ಕೇಳಿ ನನಗೆ ಕಣ್ಣು ತುಂಬಿತ್ತು. ಆಗಿನ್ನೂ ನೂರಾ ಮೆಲ್ಬರ್ನಿಗೆ ಬಂದಿರಲಿಲ್ಲ.

ಅವಳು ಬಂದದ್ದು ಆಮೇಲೆ, ಇಲ್ಲಿನ ಯೂನಿವರ್ಸಿಟಿಯಲ್ಲಿ ಯಾವುದೋ ಸಣ್ಣ ಕೋರ್ಸಿಗೆ. ಹುಡುಕಿಕೊಂಡು ಫೋನ್ ಮಾಡಿದಳು. ಟಾರ್ನೀಟಿಗೆ ಕರೆದುಕೊಂಡು ಬಂದು, ದೋಸೆ ಕೊಡಿಸಿದೆ. ದೊಡ್ಡ ಹುದ್ದೆಯವಳಾಗಿದ್ದಳು, ಆದರೂ ಮುಖದಲ್ಲಿ ಸಂತೋಷ ಕಾಣಲಿಲ್ಲ. ಕುರ್ಚಿಗಳು ನಿಮಗೇ ಎಂದು ನಮ್ಮನ್ನು ಓದಿಸಿದರು, ಈಗ ಕುರ್ಚಿಗಳೇ ಕಡಿಮೆ ಆಗುತ್ತಿವೆ ಎಂದಳು. ಆಮೇಲೆ, ನಿಮಗೆ ಒಂದು ಥ್ಯಾಂಕ್ಸ್ ಬಾಕಿ ಇತ್ತು ಎಂದಳು. ಯಾವ ಹುದ್ದೆ ಮೊದಲು ಸ್ಥಳೀಯರಿಗೆ ಕೊಡಬೇಕು ಎಂದು ತೀರ್ಮಾನಿಸಿದ ಮೀಟಿಂಗಿನಲ್ಲಿ, ಆಗಷ್ಟೇ ಸೇರಿದ್ದ ಹೊಸಬರ ಜೊತೆ ಅವಳೂ ಕೂತಿದ್ದಳಂತೆ. ಮ್ಯಾನೇಜರ್ ಕೇಳಿದ್ದು ಸರ್ ಅವರನ್ನೇ. ಸರ್ ಹೇಳಿದರಂತೆ, ಹಡಗಿನ ಕೆಲಸ ಮೊದಲು ಕೊಡಿ, ಆ ಮನುಷ್ಯ ಅಪ್ಪಟ ಮೇಷ್ಟ್ರು, ಒಂದನ್ನೂ ಬಚ್ಚಿಡುವುದಿಲ್ಲ, ಹುಡುಗಿ ಒಂದೇ ವರ್ಷದಲ್ಲಿ ತಯಾರಾಗುತ್ತಾಳೆ. ಹಸಿ ಎಣ್ಣೆಯ ಕೆಲಸ ಮಾತ್ರ ಈಗಲೇ ಕೊಡಲು ಬರುವುದಿಲ್ಲ, ಅದು ಅಷ್ಟು ಸುಲಭವಲ್ಲ.

“ಎಷ್ಟು ಹೊಗಳಿದರು ನಿಮ್ಮನ್ನು” ಎಂದಳು ನೂರಾ. ನನಗೆ ಎಲ್ಲ ಗೊತ್ತಿತ್ತು, ನಾನು ಒಪ್ಪಿಯೇ ಕಲಿಸಿದೆ ಎಂದು ಆ ಹುಡುಗಿ ಇಷ್ಟು ವರ್ಷ ನಂಬಿಕೊಂಡಿದ್ದಳು. ಬಾಯಲ್ಲಿದ್ದ ದೋಸೆ ಬಿಸಿ ತುಪ್ಪವಾಯಿತು. ನಾನು ಸರ್ ಹತ್ತಿರ ಹೋಗಿ ‘ಎಲ್ಲಾ ಹೇಳ್ಕೊಡ್ಲಾ’ ಎಂದು ಕೇಳಿದ್ದು ಆ ಮೀಟಿಂಗ್ ಆದ ಮೇಲೋ ಮೊದಲೋ ಎಂದು ಕೇಳಿದೆ. ಅವಳು ಯೋಚಿಸಿ, ನನ್ನನ್ನು ನಿಮ್ಮ ಪಕ್ಕ ಕೂರಿಸಿದ್ದೇ ಆ ಮೀಟಿಂಗ್ ಆದ ಮೇಲೆ ಎಂದಳು. ‘ನಾನಿಲ್ವಾ’ ಎಂದು ನನ್ನನ್ನು ಕಳಿಸಿದಾಗ ಸರ್‌ಗೆ ಎಲ್ಲ ಗೊತ್ತಿತ್ತು. ಸ್ಯಾಂಪಲ್ ತರಲು ಬಿಸಿಲಲ್ಲಿ ಓಡುತ್ತಿದ್ದ ಆ ಹುಡುಗ ನನಗೆ ನೆನಪಾದದ್ದು ಆಗ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಆ ವರ್ಷ ಒಂದು ಮದುವೆಗೆಂದು ಸಿಡ್ನಿಗೆ ಹೋದೆ. ಸರ್ ನನ್ನನ್ನು ನಾರ್ವೆಸ್ಟ್ ಆಫೀಸುಗಳ ನಡುವಿನ ಕೆರೆಯ ಸುತ್ತ ವಾಕಿಂಗಿಗೆ ಕರೆದೊಯ್ದರು. ಇಲ್ಲೂ ತುಂಬುತೋಳು, ಕಾಲರಿನಲ್ಲಿ ಕರ್ಚೀಫು. ಫ್ಲಾಸ್ಕೂ ಬಂದಿತ್ತು. ಕೈಯಲ್ಲಿ ಫೋನು, ಸದ್ದು ಪೂರ್ತಿ ಜೋರು ಮಾಡಿದ್ದು. ರಿಫೈನರಿಯಿಂದ ಆಗಾಗ ಕರೆ ಬರುತ್ತದೆ, ಮಂದ ಎಣ್ಣೆ ಬಂದ ದಿನ ಅಲ್ಲಿಯವರಿಗೆ ಕೈಕಾಲೇ ಆಡುವುದಿಲ್ಲ ಎಂದು ಸಂಭ್ರಮದಿಂದ ಹೇಳಿದರು. ಬೆಂಚಿನ ಮೇಲೆ ಕೂತು ಕಾಫಿ ಬೈಟು ಮಾಡಿದರು. ನಾನು ಲೋಟ ಮುಟ್ಟಲಿಲ್ಲ.

“ಸರ್, ಆ ಮೀಟಿಂಗಲ್ಲಿ ಮೊದ್ಲು ನನ್ ಕೆಲ್ಸ ಕೊಡಿ ಅಂದಿದ್ದು ನೀವೇ ಅಂತೆ.”

ಅವರು ಬಾತುಕೋಳಿಗಳನ್ನು ನೋಡುತ್ತ ಕೂತರು. ಊಟಕ್ಕೆ ಹೊರಟ ಐಟಿ ಹುಡುಗರು ಕೊರಳಲ್ಲಿ ಕಾರ್ಡು ನೇತುಹಾಕಿಕೊಂಡು ನಮ್ಮ ಮುಂದೆ ಹಾದುಹೋದರು.

“ಯಾರ್ದಾದ್ರೂ ಹೆಸ್ರು ಹೇಳ್ಲೇಬೇಕಿತ್ತು ಕಣಯ್ಯಾ” ಎಂದರು ಕೊನೆಗೆ. “ನಿಂಗಿನ್ನೂ ವಯಸ್ಸಿತ್ತು. ನನಗೆ ಅವತ್ತು ಕೆಲ್ಸ ಹೋಗಿದ್ರೆ ಎಲ್ಲಿಗೆ ಹೋಗ್ಲಿ? ಮತ್ತೆ ನಾನೇನ್ ಸುಳ್ಳು ಹೇಳಿದ್ನಾ? ನೀನು ಒಳ್ಳೇ ಮೇಷ್ಟ್ರು ಹೌದೋ ಅಲ್ವೋ?”

“ನನ್ ಹೆಸ್ರು ಹೇಳ್ದೆ ಅಂತ ನಂಗೆ ಮೊದ್ಲೇ ಹೇಳ್ಬೋದಿತ್ತು ಸರ್.”

“ಕಾಫಿ ಆರೋಗತ್ತೆ, ಕುಡಿ” ಎಂದರು. ಅಷ್ಟೇ. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ನಾನು ಅಲ್ಲೇ ಎಲ್ಲವನ್ನೂ ಮರೆತು ಆ ಕಾಫಿ ಕುಡಿಯುತ್ತಿದ್ದೆ. ನನಗೆ ಬೇಕಾಗಿದ್ದುದು ಅದೊಂದೇ. ಆಮೇಲಿನ ಎರಡು ಮೂರು ವರ್ಷ ಹಬ್ಬಕ್ಕೆ ಅವರು ಫೋನ್ ಮಾಡಿದಾಗಲೆಲ್ಲ ನಾನು ಅದಕ್ಕೇ ಕಾದೆ. ಅವರು ಹವೆ, ಷುಗರು, ಮಗಳ ಕೆಲಸ ಎಲ್ಲ ಮಾತಾಡಿ ಇಡುತ್ತಿದ್ದರು.

ಹೋದ ಚಳಿಗಾಲದಲ್ಲಿ ಅವರಿಂದ ಫೋನು ಬಂತು. ದನಿ ಇಳಿದಿತ್ತು. “ಡಾಕ್ಟ್ರು ಏನೇನೋ ಅಂತಾರೆ. ನೀನೊಂದ್ಸಲ ಬಂದು ಹೋಗು. ನಿಂಗೊಂದು ಹೇಳೋದಿದೆ, ಫೋನಲ್ಲಿ ಆಗಲ್ಲ.” ನನ್ನ ಹೆಂಡತಿ, “ಕೊನೆಗೂ ಕೇಳ್ತಾರೆ ಕ್ಷಮೆ, ಹೋಗ್ಬನ್ನಿ” ಎಂದಳು. ನಾನು ಅಂದುಕೊಂಡದ್ದೂ ಅದನ್ನೇ. ರಜೆ ಹಾಕಿ ಹೋದೆ.

ಅವರು ಗಾಜಿನ ಕಿಟಕಿಗಳ ಸನ್‌ರೂಮಿನಲ್ಲಿ ಕಂಬಳಿ ಹೊದ್ದು ಕೂತಿದ್ದರು. ಅರ್ಧ ಆಳಾಗಿದ್ದರು. ಅಕ್ಕ ಬಾಗಿಲಲ್ಲೇ ನನ್ನನ್ನು ಹಿಡಿದು, “ಒಂದೇ ಸಮ ನಿನ್ನ ಹೆಸ್ರೇ ಕಣಪ್ಪ. ಇವ್ರಿಗೆ ಈಗ ಬ್ರಹ್ಮರಾಕ್ಷಸನ ಭಯ. ನಗ್ಬೇಡ, ನಿಜವಾಗ್ಲೂ” ಎಂದಿದ್ದರು. ಸರ್ ಅಕ್ಕನನ್ನು ಹೊರಗೆ ಕಳಿಸಿ, ನನ್ನನ್ನು ಹತ್ತಿರ ಕೂರಿಸಿಕೊಂಡು ಶುರು ಮಾಡಿದರು. ಕ್ಷಮೆಯಲ್ಲ. ಮಂದ ಎಣ್ಣೆಯ ಟ್ಯಾಂಕಿಗೆ ತಿರುಗಿಸುವ ಗುಟ್ಟು.

“ಯಾರಿಗೂ ಹೇಳಿಲ್ಲ ಕಣಯ್ಯಾ. ಆ ಹುಡುಗನಿಗೂ ಇಲ್ಲ. ಈಗ ರಿಫೈನರಿಯೋರೂ ಫೋನ್ ಮಾಡೋದು ನಿಲ್ಸಿದಾರೆ, ಜಂಭ. ಇದು ನನ್ ಜೊತೆ ಹೋಗ್ಬಾರ್ದು. ನೀನಾದ್ರೂ ತಗೋ. ಇಲ್ದಿದ್ರೆ ನಾನು ಇಲ್ಲೇ ಜೋತು ಬೀಳ್ಬೇಕು, ಈ ನೀಲಗಿರಿ ಮರಕ್ಕೆ.” ಕಿಟಕಿಯ ಆಚೆ ಇದ್ದ ಮರವನ್ನು ತೋರಿಸಿ ನಕ್ಕರು.

ಫೋನು ಯಾಕೆ ನಿಂತಿತು ಎಂಬುದು ನನಗೆ ಗೊತ್ತಿತ್ತು. ನೂರಾ ಹೇಳಿದ್ದಳು. ಆ ಹಳೆಯ ಬಾವಿಗಳನ್ನು ಮುಚ್ಚಿ, ಯೂನಿಟ್ಟನ್ನು ಗುಜರಿಗೆ ಕಡಿದು ಹಾಕಿದ್ದಾರೆ. ಅಲ್ಲೀಗ ಸೋಲಾರ್ ಹಲಗೆಗಳು. ಆದರೂ ನಾನು ಕೂತು ಕೇಳಿದೆ. ಎಷ್ಟಾದರೂ ಕಲಿಸಿದವರು. ಹೇಳುತ್ತ ಹೇಳುತ್ತ ಅವರ ಮುಖಕ್ಕೆ ಬಣ್ಣ ಬಂತು. ಕೈಯಲ್ಲಿ ಇಲ್ಲದ ಬಾಟಲಿಯನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ತಳದಲ್ಲಿ ನೀರು ಹೇಗೆ ಗೆರೆಯಾಗಿ ಕೂರುತ್ತದೆ, ತಿಳಿ ಎಣ್ಣೆಯನ್ನು ಮೊದಲು ಎಷ್ಟು ಬಿಡಬೇಕು, ಎಲ್ಲ ಹೇಳಿದರು. “ಆಮೇಲೆ ಆ ಗೆರೆ ಇರತ್ತಲ್ಲ, ಅದು…” ಎಂದವರು ತಡೆದು, “ಅಯ್ಯೋ, ಹಿತ್ಲಲ್ಲಿ ಕರಿಬೇವಿನ ಕುಂಡಕ್ಕೆ ನೀರ್ ಬಿಟ್ಟಿದ್ದೆ. ಹೋಗಿ ನಲ್ಲಿ ನಿಲ್ಸಿ ಬಾಪ್ಪ” ಎಂದರು.

ನಾನು ಎದ್ದು ಹಿತ್ತಲಿಗೆ ಹೋದೆ. ನಲ್ಲಿ ಮುಚ್ಚಿತ್ತು. ಕರಿಬೇವಿನ ಕುಂಡದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ನಡೆಯಲಾಗದ ಆ ಮನುಷ್ಯ ಅವತ್ತು ಹಿತ್ತಲಿಗೆ ಬಂದಿರಲು ಸಾಧ್ಯವೇ ಇರಲಿಲ್ಲ. ಆ ದೇಶದ ಬಿಸಿಲಲ್ಲಿ ಬಾಟಲಿ ಹಿಡಿದು ಓಡುತ್ತಿದ್ದ ಹುಡುಗ ಈಗ ನಾನೇ ಆಗಿದ್ದೆ. ಸಾಯುವ ಮುಂಚೆಯೂ, ಬ್ರಹ್ಮರಾಕ್ಷಸನಿಗೆ ಹೆದರಿಕೊಂಡೂ, ಅವರ ಕೈ ಆ ನಟ್ಟನ್ನು ಬಿಡಲಿಲ್ಲ.

ಸಿಟ್ಟು ನೆತ್ತಿಗೇರಿತ್ತು. ಆ ಯೂನಿಟ್ಟೇ ಈಗ ಇಲ್ಲ ಸರ್, ಗುಜರಿಗೆ ಹಾಕಿದಾರೆ, ನಿಮ್ಮ ಗುಟ್ಟು ಯಾರಿಗೂ ಬೇಡ ಎಂಬ ಮಾತನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡೇ ಒಳಗೆ ಬಂದೆ. ಅವರು ಫ್ಲಾಸ್ಕಿನಿಂದ ಕಾಫಿ ಬೈಟು ಮಾಡುತ್ತಿದ್ದರು.

“ಆಮೇಲೆ ತಿರುಗ್ಸೋದು, ಅಷ್ಟೇ” ಎಂದರು. “ಎಲ್ಲಾ ಹೇಳ್ದೆ ನೋಡು. ಇನ್ನೇನೂ ಇಲ್ಲ ನನ್ ಹತ್ರ.”

ನಾಲಗೆಯ ತುದಿಯ ಆ ಮಾತನ್ನು ನಾನು ನುಂಗಿಕೊಂಡೆ. ಕನಿಕರದಿಂದಲ್ಲ. ಹೇಳಿಬಿಟ್ಟರೆ ನಾನೂ ಅವರೂ ಸಮ ಆಗಿಬಿಡುತ್ತೇವೆ ಎನಿಸಿತು, ನನಗೆ ಅದು ಬೇಕಿರಲಿಲ್ಲ. ಕಾಫಿಯನ್ನು ಮಾತ್ರ ಈ ಸಲ ಕುಡಿದೆ. ಹೊರಡುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತೆ, ಈಗಲಾದರೂ ತಪ್ಪಾಯಿತು ಎನ್ನುತ್ತಾರೇನೋ ಎಂದು. ಅವರು ಕೈಯೆತ್ತಿ, “ಹುಷಾರಾಗಿ ಹೋಗು” ಎಂದರು.

ಭಾನುವಾರ ಸಿಡ್ನಿಯ ಹಾಲ್ ತುಂಬಿತ್ತು. ಫೋಟೋಗೆ ಹಾರ, ಬೆಳ್ಳಿಯ ದೀಪ, ಹಿಂದೆ ಊಟದ ಟ್ರೇಗಳು. ಮೈಸೂರಿನ ಡಾಕ್ಟರುಗಳು, ರಿಟೈರ್ ಆದ ಪ್ರೊಫೆಸರುಗಳು ಒಬ್ಬೊಬ್ಬರಾಗಿ ಎದ್ದು ಸರ್ ಎಂಥ ಜ್ಞಾನಿ, ಕೇಳಿದವರಿಗೆ ಇಲ್ಲ ಎನ್ನದೆ ಎಲ್ಲ ಹೇಳಿಕೊಡುತ್ತಿದ್ದವರು ಎಂದರು. ಮೊಮ್ಮಗ ಇಂಗ್ಲಿಷಿನಲ್ಲಿ, ತಾತ ನನಗೆ ಚೆಸ್ ಕಲಿಸಿದರು, ಆದರೆ ಒಮ್ಮೆಯೂ ಗೆಲ್ಲಲು ಬಿಡಲಿಲ್ಲ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಸರದಿ ಬಂದಾಗ ಅಪ್ಪ ತೀರಿಕೊಂಡ ದಿನದ ಪಾಸ್‌ಪೋರ್ಟಿನ ಕಥೆ ಹೇಳಿ ಕೂತೆ. ಅದು ನಿಜ.

ಊಟದ ಹೊತ್ತಿಗೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

“ಆಸ್ಪತ್ರೇಲಿ ಕೊನೇ ದಿನ ಬಹಳ ಒದ್ದಾಡಿದ್ರು ಕಣಪ್ಪ. ಅವನಿಗೆ ಹೇಳ್ಬೇಕಿತ್ತು, ಅವನಿಗೆ ಹೇಳ್ಬೇಕಿತ್ತು ಅಂತ. ಅವತ್ತೇ ಎಲ್ಲಾ ಹೇಳಿದ್ರಲ್ವಾ ನಿಂಗೆ?”

ಕೈಯಲ್ಲಿದ್ದ ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟೆ. ಹೇಳಬೇಕಾಗಿದ್ದುದು ಯಾವುದು, ಟ್ಯಾಂಕಿನ ಮಾತೋ ಇನ್ನೊಂದೋ ಎಂದು ಯಾರನ್ನು ಕೇಳಲಿ? ಅಕ್ಕನ ಕಣ್ಣು ನನ್ನ ಮುಖದ ಮೇಲೇ ಇತ್ತು.

“ಎಲ್ಲಾ ಹೇಳಿದ್ರು ಅಕ್ಕ. ಒಂದನ್ನೂ ಉಳಿಸ್ಕೊಳ್ಳಲಿಲ್ಲ.”

“ಸದ್ಯ” ಎಂದು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಹಂಗಿದ್ರೆ ಅವ್ರಿಗೆ ದಾರಿ ಸಿಕ್ತು.”

ಹಾಲ್‌ನ ಕಾರ್ ಪಾರ್ಕಿನಲ್ಲಿ ಒಂದು ದೊಡ್ಡ ನೀಲಗಿರಿ ಮರ ಇತ್ತು, ತೊಗಟೆ ಸುಲಿದು ನೇತಾಡುತ್ತಿತ್ತು. ಏರ್‌ಪೋರ್ಟಿಗೆ ಬುಕ್ ಮಾಡಿದ್ದ ಟ್ಯಾಕ್ಸಿ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಮರದ ಕೆಳಗೆ ಹೋಗಿ ನಿಂತು ತಲೆಯೆತ್ತಿ ನೋಡಿದೆ. ಸುತ್ತ ಯಾರೂ ಇರಲಿಲ್ಲ.

“ಟ್ಯಾಂಕಿನ ವಿಷ್ಯ ಬೇಡ ಸರ್, ಅದು ನಿಮ್ಮ ಹತ್ರಾನೇ ಇರ್ಲಿ” ಎಂದೆ. “ಇನ್ನೊಂದು ಮಾತಿತ್ತಲ್ಲ, ಅದೊಂದು ಹೇಳ್ಬಿಟ್ಟು ಹೋಗಿ.”

ಟ್ಯಾಕ್ಸಿಯವನು ಬಂದು ಎರಡು ಸಲ ಹಾರ್ನ್ ಹೊಡೆಯುವವರೆಗೂ ನಾನು ಅಲ್ಲೇ ನಿಂತಿದ್ದೆ.